ಪಾಸ್‌ವರ್ಡ್ ಸುಂದರಿ

ಅರಸೀಕೆರೆಯ ತೆಂಗು ಬೆಳೆಗಾರರ ಸಂಘಕ್ಕೆ ಕಂಪ್ಯೂಟರ್ ಬಂದಾಗ ಅದನ್ನು ಸಕಲ ಮರ್ಯಾದೆಗಳೊಂದಿಗೆ ಬರಮಾಡಿಕೊಂಡರು. ಅರಿಶಿನ ಕುಂಕುಮ ಹಚ್ಚಿದರು, ಹೂವು ಮುಡಿಸಿದರು, ತೆಂಗಿನ ಸಂಘವಲ್ಲವೇ ಎಂದು ಎದುರಿಗೇ ಕಾಯಿ ಒಡೆದರು. ಕಾಯಿನೀರು ನೇರವಾಗಿ ಕೀಬೋರ್ಡಿನೊಳಕ್ಕೆ ಇಳಿದದ್ದರಿಂದ ಮಾರನೆಯ ದಿನವೇ ಹೊಸ ಕೀಬೋರ್ಡಿಗೆ ಹಾಸನಕ್ಕೆ ಹೇಳಿ ಕಳಿಸಬೇಕಾಯಿತು. ಆಮೇಲೆ ಅದರ ಹತ್ತಿರ ಯಾರೂ ಸುಳಿಯಲಿಲ್ಲ. ಮುಟ್ಟಿದರೆ ಕಲಿಯಬೇಕಾಗುತ್ತದೆ, ಕಲಿತರೆ ಕೆಲಸ ಮಾಡಬೇಕಾಗುತ್ತದೆ ಎಂಬ ದೂರದೃಷ್ಟಿ ಸಂಘದ ಸಿಬ್ಬಂದಿಗೆ ಇತ್ತು.

ಇಸವಿ ಎರಡು ಸಾವಿರದ ಒಂದು. ಹಾಸನದಲ್ಲಿ ಕಂಪ್ಯೂಟರ್ ತರಬೇತಿ ಇದೆ, ಒಬ್ಬರನ್ನು ಕಳಿಸಿ ಎಂದು ಮೇಲಿನಿಂದ ಸುತ್ತೋಲೆ ಬಂತು. ಬಂದ ತಕ್ಷಣ ಒಬ್ಬರಿಗೆ ಸೊಂಟನೋವು ಶುರುವಾಯಿತು, ಇನ್ನೊಬ್ಬರಿಗೆ ಮಾವನವರ ತಿಥಿ ನೆನಪಾಯಿತು. ನೆಪ ಹುಡುಕುವುದರಲ್ಲಿ ಸದಾ ಹಿಂದೆ ಬೀಳುತ್ತಿದ್ದ ಹಿರಿಯ ಗುಮಾಸ್ತ ಗಿಡ್ಡಪ್ಪನವರು ಉಳಿದುಕೊಂಡರು. ಹೆಸರು ಗಿಡ್ಡಪ್ಪ, ಆಳು ಆರಡಿ. ಇಂಥ ವಿಚಾರದಲ್ಲಿ ತಲೆ ತಗ್ಗಿಸಿಕೊಂಡರೂ ಎದ್ದು ಕಾಣುತ್ತಿದ್ದರು.

ತರಬೇತಿಯಲ್ಲಿ ಹೇಳಿಕೊಟ್ಟದ್ದರಲ್ಲಿ ಮುಕ್ಕಾಲು ಭಾಗ ಗಿಡ್ಡಪ್ಪನವರ ತಲೆಯ ಮೇಲೆ ಹಾದುಹೋಯಿತು. ಅವರ ತಲೆ ಇರುವ ಎತ್ತರಕ್ಕೆ ಅದು ಸಣ್ಣ ಸಾಧನೆಯಲ್ಲ. ಆದರೆ ಊಟವಾದ ಮೇಲೆ ನಡೆದ 'ಸುರಕ್ಷತೆ' ಎಂಬ ಪಾಠ ಮಾತ್ರ ನೇರವಾಗಿ ಎದೆಗೆ ನಾಟಿತು. ಪಾಸ್‌ವರ್ಡ್ ಎಂದರೆ ನಿಮ್ಮ ಮನೆಯ ಬೀಗದ ಕೈ ಇದ್ದ ಹಾಗೆ, ಅದನ್ನು ಯಾರಿಗೂ ಹೇಳಬೇಡಿ. ಹೆಂಡತಿ ಮಕ್ಕಳ ಹೆಸರು ಇಡಬೇಡಿ, ಎಲ್ಲರೂ ಮೊದಲು ಅದನ್ನೇ ಊಹಿಸುತ್ತಾರೆ. ಹುಟ್ಟಿದ ತಾರೀಖು ಬೇಡ. ಫೋನಿನಲ್ಲಿ ಯಾರು ಕೇಳಿದರೂ, ನಾನು ನಿಮ್ಮ ಮೇಲಧಿಕಾರಿ ಎಂದರೂ ಬಾಯಿ ಬಿಡಬೇಡಿ. ಕಂಡವರ ಫ್ಲಾಪಿಯನ್ನು ಕಂಪ್ಯೂಟರಿಗೆ ಹಾಕಬೇಡಿ, ವೈರಸ್ ಬರುತ್ತದೆ.

ಜೀವಮಾನವಿಡೀ ಯಾರೂ ಯಾವ ಗುಟ್ಟನ್ನೂ ನಂಬಿ ಒಪ್ಪಿಸದಿದ್ದ ಗಿಡ್ಡಪ್ಪನವರಿಗೆ, ಸರ್ಕಾರವೇ ಗುಟ್ಟು ಇಟ್ಟುಕೋ ಎಂದು ಹೇಳಿದಂತಾಯಿತು. ಹಾಸನದಿಂದ ಹೊರಟ ಬಸ್ಸಿನಲ್ಲಿ ಮನುಷ್ಯರಾಗಿ ಕೂತಿದ್ದವರು ಅರಸೀಕೆರೆಯಲ್ಲಿ ತಿಜೋರಿಯಾಗಿ ಇಳಿದರು.

ಮಾರನೆಯ ದಿನ ಕಂಪ್ಯೂಟರಿನ ಎದುರು ಕೂತರು. ಪಾಸ್‌ವರ್ಡ್ ಏನಿಡುವುದು? ಯಾರ ಊಹೆಗೂ ಬರಬಾರದು, ತಮಗೆ ಮಾತ್ರ ಎಂದೂ ಮರೆಯಬಾರದು. ಅಷ್ಟರಲ್ಲಿ ಎದುರಿನ ಕೋಣೆಯಲ್ಲಿ ಸಂಘದ ಕಾರ್ಯದರ್ಶಿ ಷಡಕ್ಷರಪ್ಪನವರು ಜೇಬಿನಿಂದ ಪುಟ್ಟ ಕನ್ನಡಿ ತೆಗೆದು ಹಿಡಿದುಕೊಂಡದ್ದು ಕಂಡಿತು.

ಷಡಕ್ಷರಪ್ಪನವರಿಗೆ ಉಳಿದಿದ್ದ ಕೂದಲು ಬಹಳ ಕಡಿಮೆ. ಇದ್ದಷ್ಟನ್ನೂ ಎಡಗಿವಿಯ ಮೇಲಿಂದ ಎತ್ತಿ, ಬೋಳು ಬಯಲನ್ನು ದಾಟಿಸಿ, ಬಲಗಿವಿಯವರೆಗೆ ಕ್ಷೇಮವಾಗಿ ಮುಟ್ಟಿಸುವುದು ಅವರ ದಿನದ ಮುಖ್ಯ ಕಚೇರಿ ಕೆಲಸ. ಕಿಟಕಿ ತೆರೆದರೆ, ಫ್ಯಾನ್ ಹಾಕಿದರೆ, ಯಾರಾದರೂ ಜೋರಾಗಿ ಸೀನಿದರೆ ಅದು ಮೊದಲಿನಿಂದ ಆಗಬೇಕು. ಹಿಂದಿನ ವರ್ಷ ಸಿಬ್ಬಂದಿಯೆಲ್ಲ ಬೇಲೂರಿಗೆ ಹೋಗಿದ್ದಾಗ, ದೇವಸ್ಥಾನದಲ್ಲಿ ಕನ್ನಡಿ ಹಿಡಿದು ಸೊಂಟ ಬಳುಕಿಸಿ ನಿಂತ ಶಿಲಾಬಾಲಿಕೆಯನ್ನು ಗೈಡು ತೋರಿಸಿ, "ಇವಳೇ ದರ್ಪಣಸುಂದರಿ" ಎಂದಿದ್ದ. ಹಿಂದಿನಿಂದ ಜವಾನ ದ್ಯಾವಯ್ಯ ತಣ್ಣಗೆ, "ನಮ್ ಸಾಯೇಬ್ರು ಯಾವಾಗ ಬಂದು ನಿಂತ್ಕಂಡ್ರು?" ಎಂದುಬಿಟ್ಟಿದ್ದ. ಅಂದಿನಿಂದ ಸಂಘದಲ್ಲಿ, ಕಾರ್ಯದರ್ಶಿಗಳೊಬ್ಬರನ್ನು ಬಿಟ್ಟು ಮಿಕ್ಕೆಲ್ಲರ ಬಾಯಲ್ಲೂ ಕಾರ್ಯದರ್ಶಿಗಳ ಹೆಸರು ಅದೇ.

ಗಿಡ್ಡಪ್ಪನವರು ಅತ್ತಿತ್ತ ನೋಡಿ, ಒಂದೊಂದೇ ಬೆರಳಿನಿಂದ, ಇಂಗ್ಲಿಷಿನ ಅಕ್ಷರಗಳಲ್ಲಿ ಒತ್ತಿದರು: ದರ್ಪಣಸುಂದರಿ.

ತಮ್ಮ ಬುದ್ಧಿವಂತಿಕೆಗೆ ತಾವೇ ಬೆರಗಾಗಿ ಆ ಸಂಜೆ ಮನೆಗೆ ಬಂದವರು, ಕಾಫಿ ಕುಡಿಯುತ್ತ ಹೆಂಡತಿ ಸುಮಿತ್ರಮ್ಮನಿಗೆ ಸುದ್ದಿ ಹೇಳಿದರು. ಜಾಣರು ಎಡವುವುದು ಇಲ್ಲೇ.

"ಏನಂತ ಇಟ್ರಿ?" ಎಂದು ಸುಮಿತ್ರಮ್ಮ ಕೇಳಿದರು.

"ಹೇಳೋ ಹಾಗಿಲ್ಲ."

"ನನ್ ಹೆಸ್ರಾ?"

"ಛೆ ಛೆ! ಹೆಂಡ್ತಿ ಹೆಸರು ಇಡಬಾರ್ದು ಅನ್ನೋದೇ ಮೊದಲನೇ ಪಾಠ ಕಣೇ."

"ಹಂಗಾದ್ರೆ ಯಾರ್ ಹೆಸ್ರು ಇಡ್ಬೋದಂತೆ?"

"ಯಾರ ಊಹೆಗೂ ಬರಬಾರ್ದು. ಆದ್ರೆ ನಮಗೆ ಮರೀಬಾರ್ದು. ದಿನಾ ಕಣ್ಣೆದುರಿಗೇ ಇರೋ ಹಂಗಿರಬೇಕು."

"ದಿನಾ ಕಣ್ಣೆದುರಿಗೆ ಅಂದ್ರೆ ಆಫೀಸ್ನಲ್ಲಾ?"

ಗಿಡ್ಡಪ್ಪನವರು ಷಡಕ್ಷರಪ್ಪನವರನ್ನು ನೆನೆದು ಮುಗುಳ್ನಕ್ಕರು. ಹೆಂಡತಿ ಇಂಥ ಪ್ರಶ್ನೆ ಕೇಳಿದಾಗ ಗಂಡನಾದವನು ಏನು ಬೇಕಾದರೂ ಮಾಡಬಹುದು, ಮುಗುಳ್ನಗಬಾರದು. ಇದನ್ನು ಹಾಸನದ ತರಬೇತಿಯಲ್ಲಿ ಹೇಳಿಕೊಟ್ಟಿರಲಿಲ್ಲ.

ಆಮೇಲೆ ಸುಮಿತ್ರಮ್ಮ ಗಂಡನನ್ನು ಗಮನಿಸತೊಡಗಿದರು. ಪಾಸ್‌ವರ್ಡ್ ಬರೆದಿಡಬಾರದು ಎಂಬ ಕಟ್ಟಪ್ಪಣೆ ಇದ್ದದ್ದರಿಂದ ಗಿಡ್ಡಪ್ಪನವರು ಅದನ್ನು ಮಗ್ಗಿಯ ಹಾಗೆ ಬಾಯಲ್ಲೇ ಹೇಳಿಕೊಳ್ಳುತ್ತಿದ್ದರು. ಒಂದು ಬೆಳಿಗ್ಗೆ ಗಡ್ಡ ಕೆರೆಯುತ್ತ ಹೇಳಿಕೊಳ್ಳುವಾಗ, ಬಿಸಿನೀರು ತಂದ ಸುಮಿತ್ರಮ್ಮನ ಕಿವಿಗೆ ಕೊನೆಯ ಅರ್ಧ ಮಾತ್ರ ಬಿತ್ತು: "ಸುಂದರಿ."

ಬಿಸಿನೀರಿನ ಚೊಂಬು ಅಲ್ಲೇ ಕುಕ್ಕಿ ಹಿತ್ತಿಲಿಗೆ ಹೋದರು. ಹಿತ್ತಿಲ ಗೋಡೆಯ ಆಚೆ ಸಾವಿತ್ರಮ್ಮ ಇದ್ದರು. ಅರಸೀಕೆರೆ ಜಂಕ್ಷನ್ನಿನಲ್ಲಿ ರೈಲುಗಳು ತಡವಾದಾವು. ಸಾವಿತ್ರಮ್ಮನ ಗೋಡೆಯಿಂದ ಹೊರಟ ಸುದ್ದಿ ಒಂದು ನಿಮಿಷವೂ ತಡವಾದದ್ದಿಲ್ಲ.

"ಮನ್ಸಿನಲ್ಲಿ ಇಟ್ಕಂಡಿದ್ರೆ ಹೋಗ್ಲಿ ಅನ್ಬೋದಿತ್ತು ಕಣಮ್ಮ," ಎಂದರು ಸಾವಿತ್ರಮ್ಮ, ಕೆನ್ನೆಗೆ ಕೈಯಿಟ್ಟು. "ಕಂಪ್ಯೂಟ್ರೊಳಗೇ ಇಟ್ಕಂಡವ್ರೆ ಅಂದ್ರೆ ಸಣ್ ಮಾತಲ್ಲ."

ಬೀದಿಯ ಹೆಂಗಸರು ಸುಂದರಿಯನ್ನು ಹುಡುಕಲು ಹೊರಟರು. ತಿಳಿದುಬಂದ ಮಟ್ಟಿಗೆ ಅರಸೀಕೆರೆಯಲ್ಲಿ ಆ ಹೆಸರಿನವರು ಇಬ್ಬರೇ. ಒಬ್ಬರು ಹಲ್ಲೆಲ್ಲ ಉದುರಿದ ಸೂಲಗಿತ್ತಿ. ಇನ್ನೊಂದು ಹಾಲಿನವನ ಎಮ್ಮೆ. ಇಬ್ಬರ ಮೇಲೂ ಅನುಮಾನಕ್ಕೆ ಆಸ್ಪದವಿಲ್ಲ ಎಂದಾದಾಗ, ಸುಂದರಿ ಹೊರಗಿನವಳೇ, ಬಹುಶಃ ಹಾಸನದ ತರಬೇತಿಯಲ್ಲಿ ಸಿಕ್ಕವಳು ಎಂಬ ತೀರ್ಮಾನವಾಯಿತು.

ಇದೊಂದೂ ಗೊತ್ತಿಲ್ಲದ ಗಿಡ್ಡಪ್ಪನವರು ಇತ್ತ ಸುರಕ್ಷತೆಯ ಕೋಟೆಯನ್ನು ದಿನದಿನಕ್ಕೂ ಎತ್ತರಿಸುತ್ತಿದ್ದರು. ಕಂಪ್ಯೂಟರ್ ಕೋಣೆಯ ಹೊರಗೆ ಚಪ್ಪಲಿ ಬಿಡಿಸಿದರು. ವೈರಸ್ ಯಾವ ದಾರಿಯಲ್ಲಿ ಬರುತ್ತದೋ ಹೇಳುವಂತಿಲ್ಲ. ಕಾರ್ಯದರ್ಶಿಗಳ ತಂಗಿಯ ಮಗ ಜಾತಕದ ಫ್ಲಾಪಿ ತಂದರೆ, "ಹೊರಗಿನದು ಒಳಗೆ ಹಾಕೋ ಪದ್ಧತಿ ಇಲ್ಲ" ಎಂದು ಮಡಿಹೆಂಗಸಿನಂತೆ ಹಿಂದಕ್ಕೆ ಸರಿದರು. ಜನಗಣತಿಗೆ ಮನೆಗೆ ಬಂದ ಶಾಂತಾದೇವಿ ಮೇಡಂ ವಯಸ್ಸು ಕೇಳಿದಾಗ, "ಅದು ವೈಯಕ್ತಿಕ ಮಾಹಿತಿ, ಕೊಡಲಾಗದು" ಎಂದು ಬಾಗಿಲು ಹಾಕಿಕೊಂಡರು. ಮೇಡಂ ಬೇಸರಿಸಿಕೊಳ್ಳಲಿಲ್ಲ. ಪಕ್ಕದ ಮನೆಯ ಜಗಲಿಯ ಮೇಲೆ ಕೂತರು. ಸಾವಿತ್ರಮ್ಮ ಗಿಡ್ಡಪ್ಪನವರ ವಯಸ್ಸು, ಸಂಬಳ, ಓದು, ಮನೆಗೆ ಎಷ್ಟು ಕಿಟಕಿ ಎಲ್ಲವನ್ನೂ ಬರೆಸಿ, ಜನಗಣತಿ ಕೇಳದಿದ್ದ ಮೂಲವ್ಯಾಧಿಯ ವಿವರವನ್ನೂ ಧಾರಾಳವಾಗಿ ಸೇರಿಸಿದರು.

ಅಷ್ಟರಲ್ಲಿ ಸಂಘದ ಚುನಾವಣೆ ಬಂತು. ಮತದಾರರ ಪಟ್ಟಿಯನ್ನು ಕಂಪ್ಯೂಟರಿನಲ್ಲೇ ಮಾಡಬೇಕೆಂದು ಷಡಕ್ಷರಪ್ಪನವರು ಹಟ ಹಿಡಿದರು. ಗಿಡ್ಡಪ್ಪನವರು ವಾರಗಟ್ಟಲೆ ಕುಟ್ಟಿ ಪಟ್ಟಿ ತೆಗೆದುಕೊಟ್ಟು, ಬೇಲೂರಿನಲ್ಲಿ ನಾದಿನಿ ಇಂದುವಿನ ಮಗುವಿನ ನಾಮಕರಣಕ್ಕೆಂದು ರಜೆ ಹಾಕಿ ಹೆಂಡತಿಯೊಂದಿಗೆ ಹೊರಟರು.

ನಾಮಕರಣವೇನೋ ಚೆನ್ನಾಗಿ ಆಯಿತು. ಮಗುವಿನ ಕಿವಿಯಲ್ಲಿ ಹೆಸರು ಉಸುರುವಾಗ ಗಿಡ್ಡಪ್ಪನವರು, "ಇದನ್ನ ಮಾತ್ರ ಎಲ್ಲಿಗೂ ಪಾಸ್‌ವರ್ಡ್ ಮಾಡಬೇಡಿ" ಎಂದು ಸಲಹೆ ಕೊಟ್ಟರು. ಹಾರನಹಳ್ಳಿಯಿಂದ ಬಂದಿದ್ದ ಅತ್ತೆ ಮಹದೇವಮ್ಮ ಅಳಿಯನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಸುಂದರಿಯ ವಿಚಾರ ಅವರಿಗೆ ಮುಟ್ಟಿ ಆಗಿತ್ತು.

ಎಲೆ ಹಾಕಿದ್ದರು. ಒಬ್ಬಟ್ಟು ಬಡಿಸುತ್ತ ಬರುತ್ತಿದ್ದರು. ಆಗ ನಡುಮನೆಯ ಫೋನು ಬಡಿದುಕೊಂಡಿತು. ಅರಸೀಕೆರೆಯಿಂದ, ಸಾಕ್ಷಾತ್ ಷಡಕ್ಷರಪ್ಪನವರು.

"ಏನ್ರೀ ಗಿಡ್ಡಪ್ಪ, ಏನ್ರೀ ಮಾಡಿಟ್ಟಿದ್ದೀರಿ? ಕಾಳಯ್ಯನವರ ಹೆಸರ ಹಿಂದೆ ದಿವಂಗತ ಅಂತ ಹಾಕಿದ್ದೀರಲ್ರೀ! ಆ ಮನುಷ್ಯ ನನ್ನ ಎದುರಿಗೇ ನಿಂತ್ಕೊಂಡು ದೊಣ್ಣೆ ಕುಟ್ತಾ ಇದ್ದಾರೆ!"

ಹಿಂದಿನಿಂದ ಕಾಳಯ್ಯನವರ ದನಿ ಬೇಲೂರಿನ ನಡುಮನೆಯವರೆಗೂ ಕೇಳಿಸಿತು: "ನಾನ್ ಬದ್ಕಿವ್ನಿ ಅಂತ ಯೋಳ್ರಿ ಅವನ್ಗೆ!" ಕಾಳಯ್ಯ ಈ ಸಲ ಅಧ್ಯಕ್ಷ ಸ್ಥಾನಕ್ಕೆ ನಿಲ್ಲುವವರು. ಸತ್ತವರು ಚುನಾವಣೆಗೆ ನಿಲ್ಲುವಂತಿಲ್ಲ. ವೋಟು ಹಾಕಿ ಬೇಕಾದರೆ ಹೋಗಬಹುದು, ಅದಕ್ಕೆ ಬೇಕಾದಷ್ಟು ಉದಾಹರಣೆಗಳಿದ್ದವು.

"ಸಂಜೆ ಆರಕ್ಕೆ ಸರಿಯಾದ ಪಟ್ಟಿ ಬೋರ್ಡಿಗೆ ಅಂಟಿಸದೆ ಇದ್ರೆ ಚುನಾವಣೆ ರದ್ದು, ನಿಮ್ಮ ಕೆಲಸಾನೂ ರದ್ದು. ಕಂಪ್ಯೂಟರ್ ಪಾಸ್‌ವರ್ಡ್ ಕೇಳ್ತಾ ಇದೆ. ಗಿಡ್ಡಪ್ಪ ಅಂತ ಹೊಡೆದ್ವಿ, ಸುಮಿತ್ರ ಅಂತ ಹೊಡೆದ್ವಿ, ತೆಂಗು, ಕೊಬ್ಬರಿ, ಗರಿ, ಚಿಪ್ಪು ಎಲ್ಲಾ ಹೊಡೆದ್ವಿ. ಏನು ಅಂತ ಹೇಳಿ ಬೇಗ!"

ಫೋನಿನ ಆ ತುದಿಯಲ್ಲಿ ದರ್ಪಣಸುಂದರಿ ಸ್ವತಃ ನಿಂತಿದ್ದಾರೆ. ಈ ತುದಿಯಲ್ಲಿ, ಎಲೆಯ ಮುಂದೆ ಕೂತ ಮೂವತ್ತು ಮಂದಿ ನೆಂಟರು ಒಬ್ಬಟ್ಟಿಗೆ ತುಪ್ಪ ಹಾಕಿಸಿಕೊಳ್ಳುವುದನ್ನೂ ನಿಲ್ಲಿಸಿ ಕಿವಿ ಕೊಟ್ಟಿದ್ದಾರೆ. ಕಷ್ಟಕಾಲದಲ್ಲಿ ಮನುಷ್ಯನಿಗೆ ಆದರ್ಶ ನೆನಪಾಗುವುದು ಹೀಗೆಯೇ.

"ಸಾರ್, ಫೋನಿನಲ್ಲಿ ಪಾಸ್‌ವರ್ಡ್ ಹೇಳಬಾರ್ದು ಅಂತ ನಿಯಮ ಇದೆ."

"ನಾನ್ರೀ ಕೇಳ್ತಿರೋದು!"

"ನಾನು ಅಂದ್ರೆ ಯಾರು ಸಾರ್?"

"ಏನು? ನನ್ ದನಿ ಗೊತ್ತಾಗ್ಲಿಲ್ವೇನ್ರೀ? ಷಡಕ್ಷರಪ್ಪ ಕಣ್ರೀ!"

"ಇರಬೋದು ಸಾರ್. ಆದ್ರೆ ತಾವು ತಾವೇ ಅನ್ನೋದಕ್ಕೆ ಏನು ಆಧಾರ? ಮೇಲಧಿಕಾರಿಯ ದನೀಲಿ ಯಾರು ಬೇಕಾದ್ರೂ ಮಾತಾಡಬೋದು ಅಂತ ಹಾಸನದಲ್ಲಿ ಹೇಳಿದ್ರು."

ಆ ಕಡೆಯಿಂದ ಕೇಳಿಸಿದ್ದನ್ನು ಮಗುವಿನ ಎದುರು ಹೇಳುವಂತಿರಲಿಲ್ಲ. ಮೇಲಧಿಕಾರಿಯ ಗುರುತು ಸಂದೇಹಕ್ಕೆ ಎಡೆಯಿಲ್ಲದಂತೆ ಸಾಬೀತಾಯಿತು. ಆದರೂ ಗಿಡ್ಡಪ್ಪನವರು, "ಖುದ್ದಾಗಿ ಬಂದು ನಾನೇ ತೆಗೀತೀನಿ ಸಾರ್" ಎಂದು ಫೋನಿಟ್ಟು, ಬಡಿಸಿದ ಎಲೆಯ ಮುಂದಿಂದ ಎದ್ದರು.

"ಒಂದು ಮಾತು ಹೇಳಿದ್ರೆ ಮುಗೀತಿತ್ತಲ್ಲ, ಊಟ ಬಿಟ್ಟು ಯಾಕೆ ಹೋಗ್ಬೇಕು?" ಎಂದು ನಾದಿನಿ ಇಂದು ಕೇಳಿದಳು.

ಉತ್ತರ ಕೊಟ್ಟವರು ಮಹದೇವಮ್ಮ. "ಎಲ್ರ ಮುಂದೆ ಯೋಳೋ ಅಂತ ಹೆಸ್ರಾಗಿದ್ರೆ ಯೋಳ್ತಿರ್ಲಿಲ್ವಾ?" ಎಂದವರೇ ಮಗಳ ಕಡೆ ತಿರುಗಿದರು. "ಏನ್ ನೋಡ್ತಾ ಕುಂತಿದ್ದೀಯ? ಎದ್ದೇಳು, ಜೊತೆಗೋಗು. ಬೀಗ ತಗಿಯಾಗ ಪಕ್ದಾಗೆ ನಿಂತಿರು."

ಸುಮಿತ್ರಮ್ಮ ಮೊದಲೇ ಸೆರಗು ಸಿಕ್ಕಿಸಿಕೊಂಡು ನಿಂತಿದ್ದರು.

ಹಳೇಬೀಡು, ಜಾವಗಲ್ಲು ಹಾದು ಅರಸೀಕೆರೆಗೆ ಹೋಗುವ ಬಸ್ಸು ಹೊರಡುವುದರಲ್ಲಿತ್ತು, ಓಡಿ ಹತ್ತಿದರು. ಇಬ್ಬರೂ ಒಂದೇ ಸೀಟಿನಲ್ಲಿ ಕೂತು, ಒಬ್ಬರು ಎಡಕ್ಕೆ ಒಬ್ಬರು ಬಲಕ್ಕೆ ನೋಡುತ್ತ ಹಳೇಬೀಡಿನವರೆಗೆ ಬಂದರು. ಹಳೇಬೀಡಿನ ದೇವಸ್ಥಾನದ ಎದುರಿಗೆ ಬರುತ್ತಲೇ ಬಸ್ಸು ಒಂದು ಪಕ್ಕಕ್ಕೆ ವಾಲಿ ನಿಂತಿತು. ಪಂಕ್ಚರ್. ಸ್ಟೆಪ್ನಿ ಬಿಚ್ಚಿ ನೋಡಿದರೆ ಅದಕ್ಕೂ ಗಾಳಿಯಿಲ್ಲ. ಡ್ರೈವರು ಬೀಡಿ ಹಚ್ಚಿದ. ಅವನು ಬೀಡಿ ಹಚ್ಚಿದ ನೆಮ್ಮದಿ ನೋಡಿದರೆ ಬಸ್ಸು ಸದ್ಯಕ್ಕೆ ಹೊರಡುವಂತಿರಲಿಲ್ಲ. ಬೇರೆ ಬಸ್ಸೂ ಇರಲಿಲ್ಲ.

ಎದುರಿಗೇ ಒಂದು ಎಸ್‌ಟಿಡಿ ಬೂತು. ಗಿಡ್ಡಪ್ಪನವರು ಅದನ್ನು ನೇಣುಗಂಬದಂತೆ ನೋಡಿದರು.

"ನೀನು ಬಸ್ನಲ್ಲೇ ಕೂತಿರು, ಬಿಸಿಲು" ಎಂದರು ಹೆಂಡತಿಗೆ.

"ನಂಗೂ ಕಾಲು ಜೋಮು ಹಿಡ್ದದೆ" ಎಂದು ಸುಮಿತ್ರಮ್ಮ ಹಿಂದೆಯೇ ಇಳಿದರು.

ಬೂತಿನ ಗಾಜಿನ ಬಾಗಿಲು ಎಂದೋ ಕಿತ್ತುಹೋಗಿತ್ತು. ಆರಡಿಯ ಗಿಡ್ಡಪ್ಪನವರು ತಲೆ ಬಗ್ಗಿಸಿ ಒಳಗೆ ನಿಂತರೆ, ಸುಮಿತ್ರಮ್ಮ ಹೊಸ್ತಿಲ ಮೇಲೆ ನಿಂತರು. ನಂಬರು ತಿರುಗಿಸಿದ ಕೂಡಲೇ ಷಡಕ್ಷರಪ್ಪನವರೇ ಎತ್ತಿಕೊಂಡರು.

"ಸಾರ್, ಬಸ್ ಕೆಟ್ಟಿದೆ. ಬರ್ಕೊಳ್ಳಿ. ಒಂದೊಂದೇ ಅಕ್ಷರ ಹೇಳ್ತೀನಿ." ಅಕ್ಷರ ಬಿಡಿಸಿ ಹೇಳಿದರೆ ಯಾರಿಗೂ ಅರ್ಥವಾಗದೆ ಹೋದೀತು ಎಂಬ ಕೊನೆಯ ಆಸೆ.

"ಡಿ, ಸಾರ್."

"ಬಿ?"

"ಬಿ ಅಲ್ಲ ಸಾರ್, ಡಿ! ದೋಸೆ ಡಿ!"

"ಆಯ್ತು, ದೋಸೆ. ಆಮೇಲೆ?"

"ಎ. ಅಕ್ಕಿರೊಟ್ಟಿ ಎ. ಆರ್, ರವೆಉಂಡೆ ಆರ್. ಪಿ, ಪುಳಿಯೋಗರೆ ಪಿ. ಮತ್ತೆ ಅಕ್ಕಿರೊಟ್ಟಿ. ಎನ್, ನಿಪ್ಪಟ್ಟು ಎನ್. ಇನ್ನೊಂದು ಅಕ್ಕಿರೊಟ್ಟಿ."

ಒಬ್ಬಟ್ಟಿನ ಎಲೆ ಬಿಟ್ಟು ಬಂದವರ ಬಾಯಲ್ಲಿ ಇನ್ನೇನು ಬಂದೀತು?

"ಏನ್ರೀ ಇದು, ಪಾಸ್‌ವರ್ಡಾ ಹೋಟ್ಲಾ?" ಎಂದರು ಷಡಕ್ಷರಪ್ಪನವರು. "ಮುಂದಕ್ಕೆ ಹೇಳಿ."

ಮುಂದಕ್ಕೆ ಹೇಳಬೇಕಾದದ್ದೇ ಕಷ್ಟದ್ದು. ಗಿಡ್ಡಪ್ಪನವರು ಹೊಸ್ತಿಲ ಕಡೆ ಓರೆಗಣ್ಣಿನಿಂದ ನೋಡಿ, ದನಿಯಲ್ಲಿ ಆದಷ್ಟು ಪ್ರೀತಿ ತುಂಬಿ, "ಎಸ್. ಸುಮಿತ್ರ ಎಸ್" ಎಂದರು. ಸುಮಿತ್ರಮ್ಮನ ಮುಖ ಕದಲಲಿಲ್ಲ.

"ಯು, ಉಪ್ಪಿಟ್ಟು ಯು. ಎನ್. ಡಿ. ಎ. ಆರ್. ಐ, ಇಡ್ಲಿ ಐ. ಅಷ್ಟೇ ಸಾರ್."

ಸುಮಿತ್ರಮ್ಮ ಎಸ್ಸೆಸ್ಸೆಲ್ಸಿ ಪಾಸಾದವರು, ಇಂಗ್ಲಿಷಿನಲ್ಲಿ ಒಳ್ಳೆಯ ಅಂಕ ತೆಗೆದವರು. ತುಟಿಯಲ್ಲೇ ಕೂಡಿಸಿಕೊಳ್ಳುತ್ತ ಬಂದರು. "ಸು... ಸುನ್... ಸುಂದರಿ!"

ಅತ್ತ ಷಡಕ್ಷರಪ್ಪನವರಿಗೆ ಲೈನು ಸರಿಯಾಗಿ ಕೇಳುತ್ತಿರಲಿಲ್ಲ. "ಎಲ್ಲಾ ಸೇರಿಸಿ ಒಂದ್ಸಲ ಜೋರಾಗಿ ಹೇಳ್ರೀ!" ಎಂದು ಕೂಗಿದರು.

ಗಿಡ್ಡಪ್ಪನವರು ಕಣ್ಣು ಮುಚ್ಚಿಕೊಂಡರು. ಹಳೇಬೀಡಿನ ರಸ್ತೆಗೆ ರಸ್ತೆಯೇ ಕೇಳುವಂತೆ ಕಿರುಚಿದರು: "ದರ್ಪಣಸುಂದರೀ!"

ಅಲ್ಲೇ ನಿಂತಿದ್ದ ಗೈಡೊಬ್ಬ ಓಡಿ ಬಂದ. "ಅದು ಇಲ್ಲಿಲ್ಲ ಸಾರ್, ಬೇಲೂರ್ನಾಗೈತೆ. ಇಲ್ಲಿ ದೊಡ್ಡ ನಂದಿ ಐತೆ, ತೋರಿಸ್ಲಾ?"

ಗಿಡ್ಡಪ್ಪನವರು ಆ ಗೈಡನ್ನು ದೇವರೇ ಕಳಿಸಿದನೆಂದುಕೊಂಡರು. ಫೋನಿಟ್ಟು ಹೊರಗೆ ಬಂದು, "ಕೇಳಿದ್ಯಾ? ಶಿಲ್ಪ ಕಣೇ ಅದು! ಕಲ್ಲು! ಬೇಲೂರಿನ ಶಿಲಾಬಾಲಿಕೆ!" ಎಂದರು.

ಸುಮಿತ್ರಮ್ಮ ಬೂತಿನ ಪಕ್ಕದ ಕಟ್ಟೆಯ ಮೇಲೆ ಕೂತುಬಿಟ್ಟರು. "ಕಲ್ಲಿನ ಹೆಸ್ರನ್ನ ಆಗ ಅಷ್ಟು ಜನದ ಮುಂದೆ ಯಾಕೆ ಹೇಳ್ಲಿಲ್ಲ? ಕಲ್ಲಿಗೋಸ್ಕರ ಯಾರಾದ್ರೂ ಒಬ್ಬಟ್ಟು ಬಿಟ್ಟು ಬರ್ತಾರಾ? ಆ ಹೆಸ್ರು ಯಾರಿಗೆ ಇಟ್ಟಿದ್ದೀರ, ಅದನ್ನ ಹೇಳಿ. ಹೇಳಿದ್ರೆ ಬಸ್ ಹತ್ತೀನಿ. ಇಲ್ಲಾಂದ್ರೆ ನಾನು ಇಲ್ಲೇ ಕಲ್ಲಾಗಿ ಕೂತಿರ್ತೀನಿ. ಹಳೇಬೀಡ್ನಲ್ಲಿ ಇನ್ನೊಂದು ಹೆಚ್ಚಾದ್ರೆ ಯಾರಿಗೇನು?"

ಜನ ಸೇರತೊಡಗಿದರು. ಎಳನೀರು ಮಾರುವವನು ಮಚ್ಚು ಕೆಳಗಿಟ್ಟು ಹತ್ತಿರ ಬಂದ. ಗೈಡು ನಂದಿಯನ್ನು ಮರೆತು ನಿಂತ. ಗಿಡ್ಡಪ್ಪನವರು ಹೆಂಡತಿಯ ಕಿವಿಗೆ ಬಗ್ಗಿ ಪಿಸುಗುಟ್ಟಿದರು.

"ಷಡಕ್ಷರಪ್ಪನವರು ಕಣೇ."

ಸುಮಿತ್ರಮ್ಮ ದಿಗ್ಗನೆ ಎದ್ದರು. "ಅಯ್ಯೋ ಶಿವನೇ! ನಿಮ್ ಕಾರ್ಯದರ್ಶಿಗಳಾ? ಇದೇನ್ರೀ ಇದು, ಈ ವಯಸ್ನಲ್ಲಿ!"

"ಥೂ! ಹಂಗಲ್ಲ ಕಣೇ!" ಎಂದು ಗಿಡ್ಡಪ್ಪನವರು, ಜನದ ಹಂಗು ಬಿಟ್ಟು, ಕನ್ನಡಿ ಹಿಡಿದು ಕೂದಲು ದಾಟಿಸುವುದನ್ನು ಅಭಿನಯಿಸಿ ತೋರಿಸಿದರು. ಸೊಂಟವೂ ಸ್ವಲ್ಪ ಬಳುಕಿತು.

ಸುಮಿತ್ರಮ್ಮನಿಗೆ ಸಂಘದ ವಾರ್ಷಿಕೋತ್ಸವ ನೆನಪಾಯಿತು. ಅಂದು ವೇದಿಕೆಯ ಮೇಲೆ ಷಡಕ್ಷರಪ್ಪನವರು ಹಾರ ಹಾಕಿಸಿಕೊಂಡು, ಹಾರಕ್ಕೆ ಸಿಕ್ಕಿ ಕೂದಲು ಎದ್ದು, ಸ್ವಾಗತ ಭಾಷಣ ಮುಗಿಯುವವರೆಗೂ ಕನ್ನಡಿಯನ್ನು ಇಳಿಸಿರಲಿಲ್ಲ. ಸುಮಿತ್ರಮ್ಮ ನಕ್ಕರು. ಮೊದಲು ಸೆರಗು ಬಾಯಿಗೆ ಅಡ್ಡ ಹಿಡಿದು, ಆಮೇಲೆ ಸೆರಗನ್ನು ಬಿಟ್ಟು, ಕಣ್ಣಲ್ಲಿ ನೀರು ಬರುವವರೆಗೆ. ಯಾಕೆಂದು ಗೊತ್ತಿಲ್ಲದಿದ್ದರೂ ಎಳನೀರಿನವನೂ ನಕ್ಕ. ಎಷ್ಟೋ ವಾರದಿಂದ ಎದೆಯ ಮೇಲಿದ್ದ ಚಪ್ಪಡಿ ಕಲ್ಲು ಇಳಿದ ಹೆಂಗಸಿನ ನಗು ಅದು.

ನಗು ನಿಂತಾಗ ಅವರ ಮುಖ ಇದ್ದಕ್ಕಿದ್ದಂತೆ ಸಪ್ಪಗಾಯಿತು. "ಅಲ್ರೀ... ಅದನ್ನ ಅವ್ರ ಕೈಲೇ ಬರೆಸಿದ್ರಲ್ಲ!"

ಬಸ್ಸು ಹೊರಟ ಮೇಲೆ ಗಿಡ್ಡಪ್ಪನವರು ಜಾವಗಲ್ಲಿನವರೆಗೆ ಅಮಾನತ್ತಾದಂತೆ, ಅಲ್ಲಿಂದ ಮುಂದೆ ವಜಾ ಆದಂತೆ ಕಲ್ಪಿಸಿಕೊಳ್ಳುತ್ತ ಕೂತರು. ಸುಮಿತ್ರಮ್ಮ ಈಗ ಅದೇ ಸೀಟಿನಲ್ಲಿ ಗಂಡನ ಕಡೆಗೇ ತಿರುಗಿ ಕೂತಿದ್ದರು. ದಾರಿಯಲ್ಲಿ ಕಡಲೆಕಾಯಿ ಕೊಂಡು, ಸುಲಿದು ಸುಲಿದು ಅವರ ಕೈಗೆ ಹಾಕಿದರು.

ಸಂಘದ ಬಾಗಿಲಲ್ಲಿ ಜನವೋ ಜನ. ಆದರೆ ಪಟ್ಟಿ ಆಗಲೇ ಬೋರ್ಡಿನ ಮೇಲಿತ್ತು. ಅದರ ಮುಂದೆ ಕಾಳಯ್ಯನವರು ದೊಣ್ಣೆಯೂರಿ, ಬಂದವರಿಗೆಲ್ಲ ತಮ್ಮ ಹೆಸರು ತೋರಿಸುತ್ತ, ಸಾವನ್ನು ಗೆದ್ದು ಬಂದವರ ಕಳೆಯಲ್ಲಿ ನಿಂತಿದ್ದರು.

"ಪಾಸ್‌ವರ್ಡ್ ಕೆಲಸ ಮಾಡ್ತಾ?" ಎಂದು ಗಿಡ್ಡಪ್ಪನವರು ದ್ಯಾವಯ್ಯನನ್ನು ಕೇಳಿದರು.

"ಅದ್ಯಾಕ್ ಬೇಕಾಯ್ತದೆ ಸೋಮಿ? ಸಾಯೇಬ್ರು ಒಳ್ಗೆ ಫೋನಾಗೆ ನಿಮ್ತಾವ ದೋಸೆ ಇಡ್ಲಿ ಬರ್ಕತಾ ಇದ್ರಾ, ಇತ್ಲಾಗೆ ಕಾಳಯ್ಯೋರು ಸಿಟ್ನಲ್ಲಿ ಕೀಬೋಲ್ಡಿನ್ ಮೂಲೆ ಗುಂಡೀನ ಬೆಳ್ಳಲ್ಲಿ ಒತ್ತೇಬುಟ್ರು. ತಗಂತು!"

"ಮೂಲೆ ಗುಂಡಿ?"

"ಎಡಗಡೆ ಮೇಲ್ಗಡೇದು. ಅದನ್ನೊತ್ತಿದ್ರೆ ಪಾಸ್‌ವಲ್ಡೇ ಬ್ಯಾಡ್ವಂತೆ. ಹಾಸನ್ದೋರ್ಗೆ ಫೋನ್ ಮಾಡಿ ಕೇಳುದ್ರೆ, ಹೌದು, ಮೊದ್ಲಿಂದ್ಲೂ ಅದು ಹಂಗೇಯ ಅಂದ್ರು. ಆಮೇಲೆ ಸಾಯೇಬ್ರ ತಂಗಿ ಮಗ ಕುಂತು ಪಟ್ಟಿ ತಿದ್ದಿ ತಗ್ದ."

ಕಾಳಯ್ಯನವರು ಅಲ್ಲಿಂದಲೇ ಹೇಳಿದರು: "ಸತ್ತೋನ್ಗೆ ಯಾವ್ ಪಾಸ್‌ವಲ್ಡ್ಲಾ?"

ಅಷ್ಟು ದಿನ ಕಾದ ಕೋಟೆಗೆ ಹಿಂಬಾಗಿಲೊಂದು ಸದ್ದಿಲ್ಲದೆ ತೆರೆದೇ ಇತ್ತೆಂಬುದನ್ನು ಗಿಡ್ಡಪ್ಪನವರು ಪೂರ್ತಿ ಅರಗಿಸಿಕೊಳ್ಳುವ ಮೊದಲೇ ಒಳಗಿನಿಂದ ಕಾರ್ಯದರ್ಶಿಗಳ ಗಂಟೆ ಬಡಿಯಿತು. ಗಂಡನ ಜೊತೆಗೆ ಸುಮಿತ್ರಮ್ಮನೂ ಒಳಗೆ ಹೋದರು. ಸಿಬ್ಬಂದಿಯೆಲ್ಲ ಏನೇನೋ ನೆವದಿಂದ ಬಾಗಿಲ ಬಳಿ ಸೇರಿದರು.

ಷಡಕ್ಷರಪ್ಪನವರ ಎದುರಿಗೆ ಒಂದು ಚೀಟಿ ಇತ್ತು. ಅವರು ಅದನ್ನು ಎತ್ತಿ ಹಿಡಿದರು.

"ಕೆಲಸ ಆಯ್ತು, ಅದು ಬಿಡಿ. ಇದೊಂದು ನನಗೆ ಹೇಳಿ ಗಿಡ್ಡಪ್ಪ. ಮಧ್ಯಾಹ್ನದಿಂದ ಯೋಚಿಸ್ತಾ ಇದ್ದೀನಿ. ಯಾರ್ರೀ ಈ ದರ್ಪಣಸುಂದರಿ?"

ಬಾಗಿಲ ಬಳಿ ಒಬ್ಬರಿಗೆ ಕೆಮ್ಮು ಬಂತು. ಅದು ಸಾಂಕ್ರಾಮಿಕವಾಗಿ ಎಲ್ಲರಿಗೂ ಹಬ್ಬಿತು.

"ನಾನು ಬಾಯಿಬಿಟ್ಟು ಓದಿದಾಗಲೂ ಇವರೆಲ್ಲ ಹೀಗೇ ಕೆಮ್ಮಿದ್ರು. ಏನೋ ಇದೆ ಇದರಲ್ಲಿ. ಹೇಳ್ರೀ, ಯಾರಿದು?"

ಗಿಡ್ಡಪ್ಪನವರು ಬಾಯಿ ತೆರೆದರು. ಅವರ ನೌಕರಿ, ಮುಂದಿನ ಬಡ್ತಿ, ಇಪ್ಪತ್ತು ವರ್ಷದ ನಿರುಪದ್ರವಿ ಸೇವೆ ಎಲ್ಲವೂ ಆ ತೆರೆದ ಬಾಯಿಯ ತುದಿಯಲ್ಲಿ ನಿಂತಿದ್ದವು.

"ನಾನೇ ಸಾರ್," ಎಂದರು ಸುಮಿತ್ರಮ್ಮ.

ಕೆಮ್ಮು ಥಟ್ಟನೆ ನಿಂತಿತು.

"ಮನೇಲಿ ಇವ್ರು ನನ್ನ ಹಂಗೇ ಕರೆಯೋದು ಸಾರ್," ಎಂದು ಸುಮಿತ್ರಮ್ಮ ತಲೆ ತಗ್ಗಿಸಿ, ಕಾಲಬೆರಳಿನಿಂದ ನೆಲ ಕೆರೆದರು. "ನಾನು ಸ್ವಲ್ಪ ಕನ್ನಡಿ ಮುಂದೆ ಜಾಸ್ತಿ ನಿಲ್ತೀನಿ. ಅದಕ್ಕೆ."

ಷಡಕ್ಷರಪ್ಪನವರು ಒಂದು ಕ್ಷಣ ನೋಡಿದರು. ಆಮೇಲೆ ಹೊಟ್ಟೆ ಕುಣಿಯುವಂತೆ ನಕ್ಕರು. "ಎಲಾ ಗಿಡ್ಡಪ್ಪ! ಈ ವಯಸ್ಸಿನಲ್ಲಿ! ಅದಕ್ಕೇನ್ರೀ ಫೋನಿನಲ್ಲಿ ಅಷ್ಟು ನಾಚಿಕೆ? ಚೆನ್ನಾಗಿದೆ, ಚೆನ್ನಾಗಿದೆ." ನಕ್ಕ ರಭಸಕ್ಕೆ ಎಡಗಡೆಯ ಕೂದಲು ಬಲಗಡೆಯನ್ನು ಬಿಟ್ಟು ಕುತ್ತಿಗೆಗೆ ಇಳಿಯಿತು. ಅವರು ಜೇಬಿನಿಂದ ಪುಟ್ಟ ಕನ್ನಡಿ ತೆಗೆದು, ಕತ್ತು ಕೊಂಕಿಸಿ, ಸಾವಧಾನವಾಗಿ ಬಾಚಿಕೊಳ್ಳುತ್ತ ಹೇಳಿದರು: "ಆದ್ರೆ ನೋಡಮ್ಮ, ಯಾವಾಗ್ಲೂ ಕನ್ನಡಿ ನೋಡ್ಕೋತಾ ಇರೋದು ಒಳ್ಳೇ ಅಭ್ಯಾಸ ಅಲ್ಲ. ಜನ ಆಡ್ಕೋತಾರೆ."

ದ್ಯಾವಯ್ಯ ಹೊರಗೆ ಓಡಿದ. ಮಿಕ್ಕವರು ಫೈಲುಗಳಿಂದ ಮುಖ ಮುಚ್ಚಿಕೊಂಡರು.

ಹೊರಗೆ ಬಂದ ಮೇಲೆ ಗಿಡ್ಡಪ್ಪನವರು ಹೆಂಡತಿಗೆ ಏನೋ ಹೇಳಬೇಕೆಂದುಕೊಂಡರು. ಕೃತಜ್ಞತೆ ಹೇಳಿ ಅಭ್ಯಾಸವಿಲ್ಲದ್ದರಿಂದ, "ಆಟೋ ಮಾಡೋಣ್ವಾ?" ಎಂದರು.

"ಆಟೋ ಆಮೇಲೆ. ಮೊದ್ಲು ಒಳಗೆ ಹೋಗಿ ಆ ಪಾಸ್‌ವರ್ಡ್ ಬದಲಾಯಿಸಿ."

"ಏನಂತ?"

ಸುಮಿತ್ರಮ್ಮ ಗಂಡನ ಮುಖ ನೋಡಿದರು. ಗಿಡ್ಡಪ್ಪನವರು ಇನ್ನೊಂದು ಮಾತಾಡದೆ ಒಳಗೆ ಹೋಗಿ, ಹೆಂಡತಿಯನ್ನು ಪಕ್ಕದಲ್ಲೇ ನಿಲ್ಲಿಸಿಕೊಂಡು, ಮೊದಲನೇ ಪಾಠವನ್ನು ಒಂದೊಂದೇ ಅಕ್ಷರವಾಗಿ ಮುರಿದರು.

ಸುಮಿತ್ರಮ್ಮ ಇದನ್ನು ಗುಟ್ಟಾಗಿಡಬೇಕೆಂದು ಗಿಡ್ಡಪ್ಪನವರು ಕೇಳಿಕೊಂಡಿದ್ದರು. ಸುಮಿತ್ರಮ್ಮನೂ ಒಪ್ಪಿ, ಬೀದಿಯ ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ, ಗುಟ್ಟಾಗಿಯೇ ಹೇಳಿದರು.

ಮಾರನೆಯ ದಿನ ಗಿಡ್ಡಪ್ಪನವರು ಸಂಘಕ್ಕೆ ನಡೆದು ಹೋಗುವಾಗ ಹೂವಿನವಳು ನಕ್ಕು, "ಒಳ್ಳೇ ಕೆಲ್ಸ ಮಾಡುದ್ರಿ ಬುಡಿ" ಎಂದಳು. ಹಾಲಿನವನು ಸೈಕಲ್ಲು ನಿಲ್ಲಿಸಿ ಕೈಮುಗಿದ. ಸರ್ಕಲ್ಲಿನಲ್ಲಿ ಜೆರಾಕ್ಸ್ ಅಂಗಡಿಯ ಲೋಕೇಶ್ ಒಳಗಿನಿಂದಲೇ ಕತ್ತು ಚಾಚಿ ಕೂಗಿದ.

"ಸಾರ್, ಸುಮಿತ್ರ ಅನ್ನೋದಕ್ಕೆ ಕೊನೇಲಿ ಎಷ್ಟು ಎ? ಒಂದಾ, ಎರಡಾ?"

"ಒಂದೇ," ಎಂದರು ಗಿಡ್ಡಪ್ಪನವರು, ನಡೆಯುತ್ತಲೇ.